ಅಪ್ಪ ಮನೆಗೆ ಬಂದ ಸಾಲು

ನಾನು ಆ ಹಾಡಿನ ಗುಂಪಿಗೆ ಸೇರಿದ್ದು ಜಗಳ ಆಡಲು ಹೋಗಿ.

ಈ ದ್ವೀಪನಗರದ ಆಂಗ್ ಮೋ ಕಿಯೋ ಬಡಾವಣೆಯಲ್ಲಿ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಕೆಳಗೆ ವಾಯ್ಡ್ ಡೆಕ್, ಅಂದರೆ ಕಂಬಗಳ ನಡುವಿನ ಖಾಲಿ ಜಾಗ. ಅದರ ಮೂಲೆಯಲ್ಲಿ ನಿವಾಸಿಗಳಿಗೆಂದು ಒಂದು ಕೋಣೆ, ಕೋಣೆಯೊಳಗೆ ಚಕ್ರ ಹಾಕಿದ ಹಳೆಯ ಪಿಯಾನೋ. ಅಕ್ಟೋಬರಿನ ಒಂದು ಸಂಜೆ ಅಲ್ಲಿ ಹತ್ತು ಹನ್ನೆರಡು ಜನ ಸೇರಿಕೊಂಡು ಕ್ರಿಸ್‌ಮಸ್ಸಿನ, ಹಿಮ ಬೀಳುವ ಹಾಡು ಹಾಡುತ್ತಿದ್ದರು. ಹೊರಗೆ ಸೆಕೆಗೆ ಮೈಯೆಲ್ಲ ಜಿಗಿಜಿಗಿ. ದೀಪಾವಳಿಗೆ ಇನ್ನೂ ಎರಡು ವಾರ ಇತ್ತು, ನಮ್ಮ ಹಬ್ಬ ಮುಗಿಯುವ ತನಕವಾದರೂ ಕಾಯಬಾರದೇ ಇವರು? ಅದೇ ಹಾಡು, ಅದೇ ಸಾಲು, ಆರನೆಯ ಸಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡು ಇಳಿದೇಬಿಟ್ಟೆ.

ನಿಜ ಹೇಳಬೇಕೆಂದರೆ ಸಿಟ್ಟು ಅವರ ಮೇಲಲ್ಲ. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯ ಬೂನ್ ಲೇಗೆ ಶಿಫ್ಟ್ ಆಗಿ ಮೂರು ತಿಂಗಳಾಗಿತ್ತು. ನಮ್ಮ ಯಜಮಾನರು ಆಫೀಸು ಬಿಟ್ಟರೆ ಲ್ಯಾಪ್‌ಟಾಪು, ಲ್ಯಾಪ್‌ಟಾಪು ಬಿಟ್ಟರೆ ಆಫೀಸು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಹಬ್ಬಕ್ಕೆ ನೆತ್ತಿಗೆ ಎಣ್ಣೆ ಒತ್ತಿಸಿಕೊಳ್ಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಬಾಗಿಲು ನೂಕಿದೆ. ಪಿಯಾನೋ ಮುಂದೆ ಕೂತಿದ್ದ ಮುದುಕಿ ನುಡಿಸುವುದನ್ನು ನಿಲ್ಲಿಸಲೇ ಇಲ್ಲ. ಎಪ್ಪತ್ತೆಂಟರ ಹತ್ತಿರದ ವಯಸ್ಸು, ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಊದಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಡವಾಗಿ ಬಂದೆ. ದನಿ ದಪ್ಪವಾ, ಸಣ್ಣದಾ?" ಅಂದರು.

"ನಾನು ಕಂಪ್ಲೇಂಟ್ ಮಾಡೋಕೆ ಬಂದಿರೋದು," ಅಂದೆ.

"ದಪ್ಪ ದನಿ. ಆ ಕಡೆ ನಿಂತ್ಕೋ ಲಾ," ಅಂದರು, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಅಂಟಿಸಿ.

ಏನು ಜಂಭ! ಹೋಗಿ ನಿಂತುಕೊಂಡೆ. ಯಾಕೆ ಅಂತ ಈಗಲೂ ಗೊತ್ತಿಲ್ಲ. ಆಮೇಲಿನ ವಾರಗಳಲ್ಲಿ ಪ್ರತಿ ಮಂಗಳವಾರ ಸಂಜೆ ನಾನೂ ಬೆವರು ಒರೆಸಿಕೊಳ್ಳುತ್ತಾ ಹಿಮದ ಹಾಡು ಹಾಡಿದೆ.

ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ವಿಚಿತ್ರ ಗಮನಿಸಿದೆ. ಗಂಟೆ, ಹಿಮ, ಬೆಂಕಿಗೂಡು, ಊರಿಗೆ ಹೋಗುವುದು ಇಂಥ ಹಾಡುಗಳಿಗೆಲ್ಲ ಆಂಟಿ ಖುಷಿಯಿಂದ ನುಡಿಸುವರು. ಯೇಸು ಹುಟ್ಟಿದ ಹಾಡು ಬಂದ ಕೂಡಲೇ ಎದ್ದು ಜಾಗ ಬಿಟ್ಟುಕೊಡುವರು. ಚರ್ಚಿನಲ್ಲಿ ನುಡಿಸುವ ಇನ್ನೊಬ್ಬ ಆಂಟಿ ಬಂದು ಕೂರುವರು. ಇವರು ಕಿಟಕಿಯ ಬಳಿ ಕೈಕಟ್ಟಿ ನಿಂತು, ತಾಳ ಮಾತ್ರ ಕಾಲಲ್ಲಿ ಹಾಕುವರು.

ಪ್ರಾಕ್ಟೀಸ್ ಮುಗಿದ ಮೇಲೆ ಗುಂಪು ಎದುರಿನ ಹಾಕರ್ ಸೆಂಟರಿಗೆ, ಅಂದರೆ ಒಂದೇ ಸೂರಿನಡಿಯ ಊಟದ ಅಂಗಡಿಗಳ ಸಾಲಿಗೆ, ಊಟಕ್ಕೆ ಹೋಗುತ್ತಿತ್ತು. ಮೊದಲ ದಿನ ಎಲ್ಲರ ಮುಂದೂ ತಟ್ಟೆ, ನಮ್ಮಿಬ್ಬರ ಮುಂದೆ ಬರೀ ಮೇಜು. ನಾನು ಚೀಲದಿಂದ ನನ್ನ ಸ್ಟೀಲ್ ಫ್ಲಾಸ್ಕ್ ತೆಗೆದೆ. ಅದೇ ಹೊತ್ತಿಗೆ ಆಂಟಿ ತಮ್ಮ ಫ್ಲಾಸ್ಕ್ ತೆಗೆದರು. ಒಬ್ಬರನ್ನೊಬ್ಬರು ನೋಡಿಕೊಂಡೆವು.

"ನೀನೂ ತಿನ್ನಲ್ವಾ ಇಲ್ಲಿ?"

"ನಾನು ವೆಜಿಟೇರಿಯನ್. ಪಾತ್ರೆ ಎಲ್ಲಾ ಒಂದೇ ಅಲ್ವಾ ಇಲ್ಲಿ, ಮನಸ್ಸು ಒಪ್ಪಲ್ಲ. ನೀವು?"

"ನಾವು ಯಹೂದಿಗಳು. ನಮಗೂ ಪಾತ್ರೆಯದ್ದೇ ತಾಪತ್ರಯ," ಅಂದು ಗಹಗಹಿಸಿ ನಕ್ಕರು. ಅವರ ತಾತ ಬಾಗ್ದಾದಿನವರು, ಕಲ್ಕತ್ತೆಯಲ್ಲಿ ಕೆಲವು ವರ್ಷ ಇದ್ದು ಇಲ್ಲಿಗೆ ಬಂದವರಂತೆ. ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಮಡಿ ಎಂದರೆ ಏನು ಅಂತ ನಾನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಜ್ಜಿ ಬದುಕಿದ್ದಿದ್ದರೆ ಈಕೆಯ ಅಡುಗೆಮನೆಗೆ ಫುಲ್ ಮಾರ್ಕ್ಸ್ ಕೊಡುತ್ತಿದ್ದಳು, ಮಾಂಸದ ಪಾತ್ರೆ ಕಣ್ಣಿಗೆ ಬೀಳದಿದ್ದರೆ.

ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೇಳಿಬಿಟ್ಟೆ: "ಅಲ್ಲಾ ಆಂಟಿ, ಯಹೂದಿ ಅಂತೀರ, ಕ್ರಿಸ್‌ಮಸ್ ಹಾಡು ನುಡಿಸ್ತೀರಲ್ಲ?"

"ಬರೆದವರು ಯಾರು ಅಂದ್ಕೊಂಡಿದ್ದೀಯ?" ಅಂದರು. "ನಾವು ಹಾಡೋ ಈ ಡಿಸೆಂಬರ್ ಹಾಡುಗಳಲ್ಲಿ ಎಷ್ಟೋ ನಮ್ಮವರು ಬರೆದದ್ದು."

ನಾನು ನಂಬಲಿಲ್ಲ. ಆಂಟಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿಕೊಂಡು ನಿಧಾನವಾಗಿ ಹೇಳಿದರು. ಹಿಂದೆ ರಷ್ಯಾದ ಕಡೆಯಿಂದ ಯಹೂದಿಗಳು ಪ್ರಾಣ ಉಳಿಸಿಕೊಳ್ಳಲು ಗಂಟು ಕಟ್ಟಿಕೊಂಡು ಅಮೆರಿಕದ ಹಡಗು ಹತ್ತಿದ್ದು. ಗಲ್ಲಿಗಳಲ್ಲಿ ಒಂದೊಂದು ಕೋಣೆಯಲ್ಲಿ ಆರೇಳು ಜನ ಇದ್ದದ್ದು. ಕೆಲವರ ಅಪ್ಪಂದಿರು ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದವರು, ಮಕ್ಕಳಿಗೂ ಕಂಠ ಬಂದಿತ್ತು. ಡಿಸೆಂಬರ್ ಬಂದರೆ ಎದುರುಮನೆಯಲ್ಲಿ ಮರ, ದೀಪ, ಊಟ, ನೆಂಟರು. ಇವರ ಮನೆಯಲ್ಲಿ ಅವತ್ತು ಎಲ್ಲಾ ದಿನಗಳಂತೆ ಒಂದು ದಿನ. ಆ ಮಕ್ಕಳು ದೊಡ್ಡವರಾಗಿ ಹಾಡು ಕಟ್ಟುವ ಕೆಲಸಕ್ಕೆ ಸೇರಿದಾಗ, ಹಬ್ಬ ಬರುತ್ತಿದೆ, ಹಾಡು ಕೊಡಿ ಅಂತ ಕಂಪನಿಯವರು ಕೇಳಿದರು. ಇವರು ಕೊಟ್ಟರು. ಬಿಸಿಲೂರಿನಲ್ಲಿ ಕೂತು ಹಿಮದ ಹಾಡು ಬರೆದವರೂ ಇದ್ದರಂತೆ.

"ಯೇಸು ಬಗ್ಗೆ ಬರೆಯೋಕೆ ಅವರಿಗೆ ಆಗಲ್ಲ. ಅದಕ್ಕೇ ನೋಡು, ಆ ಹಾಡುಗಳಲ್ಲಿ ದೇವರಿಲ್ಲ. ಮನೆ ಇದೆ. ಎಲ್ಲರೂ ಮನೆಗೆ ಬರ್ತಾರೆ, ಅಷ್ಟೇ," ಅಂದರು.

"ಇದೊಳ್ಳೆ ಕಥೆ! ತಮ್ಮದಲ್ಲದ ಹಬ್ಬಕ್ಕೆ ಅಷ್ಟು ಚೆನ್ನಾಗಿ ಹೇಗೆ ಬರೆದರು?"

"ತಮ್ಮದಾಗಿದ್ದರೆ ಹಬ್ಬ ಮಾಡಿಕೊಂಡು, ಉಂಡು ಮಲಗ್ತಿದ್ದರು. ಹಾಡು ಯಾಕೆ ಬರೀತಿದ್ದರು?"

ಆ ಮಾತು ನನಗೆ ಎಲ್ಲೋ ತಗುಲಿತು. ಮನೆಗೆ ಬಂದು ಸಾರು ಬಿಸಿ ಮಾಡುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಯಾರೋ ಹುಡುಗರು ತಮ್ಮ ಕಿಟಕಿಯಲ್ಲಿ ನಿಂತು ಎದುರುಮನೆಯ ದೀಪ ನೋಡಿದ್ದು, ಅದು ಹಾಡಾಗಿ ನಮ್ಮ ವಾಯ್ಡ್ ಡೆಕ್‌ವರೆಗೆ ಬಂದದ್ದು.

ಮುಂದಿನ ಮಂಗಳವಾರ ಎಲ್ಲರೂ ಹೊರಟ ಮೇಲೆ ಆಂಟಿ ನನ್ನನ್ನು ಹಿಡಿದು ಕೂರಿಸಿಕೊಂಡರು. "ನಿನ್ನ ಹಬ್ಬದ ಹಾಡು ಯಾವುದು? ಹಾಡು."

ನನಗೆ ಗೊತ್ತಿದ್ದ ದೇವರನಾಮಗಳು ಸಾಲಾಗಿ ನೆನಪಾದವು, ಆದರೆ ಬಾಯಿಗೆ ಬಂದದ್ದು ಬೇರೆ. ಮೈಸೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ, ನರಕ ಚತುರ್ದಶಿಯ ಬೆಳಗಿನ ಜಾವ, ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತ ನನ್ನ ನೆತ್ತಿಗೆ ಅಮ್ಮ ಹರಳೆಣ್ಣೆ ತಟ್ಟುತ್ತಾ ಹಾಡುತ್ತಿದ್ದ ಅವಳದೇ ಎರಡು ಸಾಲು.

ಎಣ್ಣೆ ಬಿದ್ದ ನೆತ್ತಿ ತಂಪು, ಕಣ್ಣು ಮುಚ್ಚಿಕೋ
ಹಂಡೆ ತುಂಬ ಗಂಗೆ ಬಂದಳು, ಕೈಯ ಮುಗಿದುಕೋ

"ಮುಂದೆ?" ಅಂದರು ಆಂಟಿ.

"ಮುಂದಿನದು ಮರೆತುಹೋಗಿದೆ. ಮಗಳಿಗೂ ಅಷ್ಟೇ ಹಾಡ್ತಿದ್ದೆ."

"ನೆನಪು ಮಾಡ್ಕೋ. ಡಿಸೆಂಬರ್ ಪ್ರೋಗ್ರಾಂನಲ್ಲಿ ಕೊನೆಗೆ ಇದನ್ನ ಹಾಕೋಣ. ಅದು ನನ್ನ ಕೊನೆ ಪ್ರೋಗ್ರಾಂ." ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು, ಬೆರಳುಗಳೂ ಮುಷ್ಕರ ಹೂಡಿದ್ದವು. ಪ್ರೋಗ್ರಾಂ ಆದ ವಾರದಲ್ಲೇ ಮೆಲ್ಬರ್ನಿಗೆ, ಮಗನ ಮನೆಗೆ ಹೊರಟಿದ್ದರು. ಮತ್ತೆ ಬರುವ ಮಾತಿಲ್ಲ.

ಅಮ್ಮ ಹೋಗಿ ಹನ್ನೊಂದು ವರ್ಷ. ಅಷ್ಟು ವರ್ಷ ಸುಮ್ಮನಿದ್ದವಳಿಗೆ ಆ ದಿನದಿಂದ ಉಳಿದರ್ಧದ ಹುಚ್ಚು ಹಿಡಿಯಿತು. ಅದು ಸಿಕ್ಕರೆ ಅಮ್ಮನ ಸ್ವಲ್ಪ ಭಾಗ ಸಿಕ್ಕ ಹಾಗೆ ಅನ್ನಿಸುತ್ತಿತ್ತು. ಅದನ್ನು ಪಿಯಾನೋದಲ್ಲಿ ಒಂದು ಸಲ ಪೂರ್ತಿ ಕೇಳಬೇಕು, ಆಂಟಿ ವಿಮಾನ ಹತ್ತುವುದರೊಳಗೆ. ತಮ್ಮಂದಿರಿಬ್ಬರಿಗೂ ಫೋನ್ ಮಾಡಿದೆ. ಒಬ್ಬ, "ಅಮ್ಮ ಹಾಡ್ತಿದ್ಳಾ?" ಅಂದ. ಇನ್ನೊಬ್ಬನಿಗೆ ಸೀಗೆಪುಡಿ ಕಣ್ಣಿಗೆ ಬಿದ್ದು ಉರಿದದ್ದು ಮಾತ್ರ ನೆನಪು. ದಂಡಪಿಂಡಗಳು! ಉಳಿದವಳು ಚಿಕ್ಕಮ್ಮ, ಅಮ್ಮನ ತಂಗಿ. ಮದುವೆಗೆ ಮುಂಚೆ ನಮ್ಮ ಜೊತೆಯಲ್ಲೇ ಇದ್ದವಳು. ಅವಳಿಗೆ ದಿನ ಬಿಟ್ಟು ದಿನ ಫೋನ್. ಅವಳು ಪ್ರತಿ ಸಲ ನೆನಪು ಮಾಡಿಕೊಂಡು ಹೇಳ್ತೀನಿ ಅನ್ನುವಳು. ನಾನು ಮಗಳ ಹತ್ತಿರವೂ ಇದೇ ಗೋಳು ಹೊಯ್ದುಕೊಳ್ಳುತ್ತಿದ್ದೆ.

ದೀಪಾವಳಿ ಬಂದು ಹೋದ ಮೇಲೆ ಒಂದು ದಿನ ಚಿಕ್ಕಮ್ಮ ತಾನೇ ಫೋನ್ ಮಾಡಿದಳು.

"ಏನೇ, ಆ ಹಾಡು ಅಷ್ಟೇ ಕಣೇ ಇದ್ದಿದ್ದು."

"ಅಷ್ಟೇ ಅಂದ್ರೆ?"

"ಎರಡೇ ಸಾಲು. ಒಂದು ತಲೆಗೆ ಎಣ್ಣೆ ಒತ್ತೋಕೆ ಅಷ್ಟು ಸಾಕಲ್ವೇನೇ? ನೀವು ಮೂರು ಜನ, ಆಮೇಲೆ ನಾನು. ಹಂಡೆ ಕೆಳಗೆ ಸೌದೆ ಆರಿಹೋಗ್ತಿತ್ತು. ನಿಮ್ಮಪ್ಪ ಮನೇಲಿ ಇದ್ರೆ ತಾನೆ ಒಲೆ ನೋಡ್ಕೊಳ್ಳೋಕೆ? ಅವಳೇ ಅಲ್ಲಿಗೂ ಓಡ್ಬೇಕು, ಇಲ್ಲಿಗೂ ಓಡ್ಬೇಕು. ಮೂರನೇ ಸಾಲು ಕಟ್ಟೋಕೆ ಪುರಸೊತ್ತು ಎಲ್ಲಿತ್ತು ಅವಳಿಗೆ, ಪಾಪ."

ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಇರುವುದನ್ನು ಕಳೆದುಕೊಂಡರೆ ಹುಡುಕಬಹುದು. ಇಲ್ಲವೇ ಇಲ್ಲ ಅಂದರೆ ಎಲ್ಲಿ ಹುಡುಕಲಿ?

ಮಂಗಳವಾರ ಆಂಟಿಗೆ ಹೇಳಿದೆ, ಉಳಿದರ್ಧ ಇಲ್ಲವಂತೆ, ಪ್ರೋಗ್ರಾಂನಿಂದ ತೆಗೆದುಬಿಡಿ ಅಂತ. ಅವರು ಆ ಎರಡು ಸಾಲನ್ನು ಪಿಯಾನೋದಲ್ಲಿ ನುಡಿಸಿ, ಕೊನೆಯ ಸ್ವರದ ಮೇಲೆ ಬೆರಳಿಟ್ಟುಕೊಂಡೇ ಕೂತರು. ನಿಜ, ಅದು ಮುಗಿದ ಹಾಗೆ ಕೇಳಿಸಲಿಲ್ಲ.

"ಹಬ್ಬದ ದಿನ ನಿಮ್ಮ ಮನೇಲಿ ಏನು ಇರಲಿಲ್ಲ?" ಅಂದರು.

"ಅಪ್ಪ," ಅಂದೆ. ಯೋಚನೆ ಮಾಡಲೇ ಇಲ್ಲ.

ಅಪ್ಪ ಬಸ್ ಡಿಪೋದಲ್ಲಿ ಕಂಟ್ರೋಲರ್. ಹಬ್ಬ ಬಂದರೆ ಸ್ಪೆಷಲ್ ಬಸ್ಸುಗಳು, ಅಪ್ಪನಿಗೆ ಡಬಲ್ ಡ್ಯೂಟಿ. ಊರಿನವರನ್ನೆಲ್ಲ ಅವರವರ ಮನೆಗೆ ಕಳಿಸಿ, ಹಬ್ಬವೆಲ್ಲ ಮುಗಿದು ಬಾಗಿಲ ತೋರಣ ಒಣಗಿದ ಮೇಲೆ ಅಪ್ಪ ಬರುತ್ತಿದ್ದರು, ಖಾಕಿ ಅಂಗಿಯಲ್ಲೇ ಚಾಪೆಯ ಮೇಲೆ ಬಿದ್ದು ನಿದ್ದೆ ಹೋಗುತ್ತಿದ್ದರು. ಅಮ್ಮ ಪ್ರತಿ ವರ್ಷ ಒಂದು ಎಲೆ ಹೆಚ್ಚಿಗೆ ತೊಳೆದು ಇಡುತ್ತಿದ್ದಳು. ಸಂಜೆಗೆ ಅದನ್ನು ಹಸುವಿಗೆ ಹಾಕುತ್ತಿದ್ದಳು. ನಾನು ಕಂಡ ಯಾವ ದೀಪಾವಳಿಯಲ್ಲೂ ಆ ಎಲೆಗೆ ಬಡಿಸಲಿಲ್ಲ. ಅದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ಗಂಡನ ಹತ್ತಿರವೂ.

"ಬರಿ ಹಾಗಾದರೆ," ಅಂದರು ಆಂಟಿ. "ಹಿಮದ ಹಾಡು ಬರೆದವರೂ ಇದನ್ನೇ ಮಾಡಿದ್ದು."

ನಾನು ಎಂದೂ ಒಂದು ಸಾಲು ಕಟ್ಟಿದವಳಲ್ಲ. ನಾಲ್ಕು ದಿನ ಸುಮ್ಮನೆ ತಲೆ ಕೆಡಿಸಿಕೊಂಡೆ. ಐದನೆಯ ದಿನ ಲಿಟಲ್ ಇಂಡಿಯಾದಲ್ಲಿ ಕರಿಬೇವು, ಸೀಗೆಪುಡಿ ತೆಗೆದುಕೊಂಡು ಬಸ್ಸಿನ ಮೇಲಂತಸ್ತಿನಲ್ಲಿ ಬರುತ್ತಿದ್ದೆ. ಬೀದಿಯಲ್ಲಿ ದೀಪಾವಳಿಯ ಲೈಟು ಬಿಚ್ಚುತ್ತಿದ್ದರು. ಡ್ರೈವರು ಯಾರೋ ಓಡಿ ಬಂದವರಿಗಾಗಿ ಬಸ್ಸು ನಿಲ್ಲಿಸಿಕೊಂಡು ಕಾದ. ಆ ಒಂದು ನಿಮಿಷದಲ್ಲಿ ಬಂತು. ಮೊಬೈಲಿನಲ್ಲಿ ಬರೆದುಕೊಂಡೆ.

ಬಾಗಿಲಲ್ಲಿ ಅಪ್ಪ ಬಂದರು, ದೀಪ ಹಿಡಿದುಕೋ
ಎಲ್ಲ ಕೂಡಿ ಊಟಕೆ ಕೂತೆವು, ಎಲೆಯ ಹಾಸಿಕೋ

ಮೂರನೆಯ ಸಾಲಿನ ಧಾಟಿ ಹೇಗೋ ಬಂತು. ನಾಲ್ಕನೆಯದರ ಕೊನೆ ಕೂರಲಿಲ್ಲ. ಆಂಟಿ ಹಿಂದೆ ಮುಂದೆ ಮಾಡಿ, ಕೊನೆಗೆ ಒಂದು ತಿರುವು ಹಾಕಿದರು. ಸ್ವರ ಮೇಲೆ ಹೋಗುತ್ತದೆ ಅಂದುಕೊಳ್ಳುವಾಗ ಮೆಲ್ಲಗೆ ಇಳಿದು ಬಂದು ಕೂತುಕೊಳ್ಳುವ ತಿರುವು. "ಇದು ನಮ್ಮ ತಾತನದು. ಶುಕ್ರವಾರ ಊಟಕ್ಕೆ ಮುಂಚೆ ಪ್ರಾರ್ಥನೆಯ ಕೊನೆಗೆ ಹೀಗೆ ಇಳಿಸ್ತಿದ್ದರು. ಇಟ್ಕೋ," ಅಂದರು. ಅಮ್ಮನ ಹಾಡಿಗೆ ಅದು ಹೊಂದಿಕೊಂಡ ಪರಿ ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ನನಗೆ ಹೊಳೆಯಲಿಲ್ಲವಲ್ಲ ಅಂತ.

ಇಷ್ಟೆಲ್ಲ ಆದ ಮೇಲೆ ಕಲ್ಲು ಹಾಕಿದವಳು ನಾನೇ.

ಪ್ರೋಗ್ರಾಂಗೆ ಜಾಗ ಬುಕ್ ಮಾಡುವ ಕೆಲಸ ನನ್ನದು. ಆಂಟಿ ಮೊದಲೇ ಹೇಳಿದ್ದರು: "ಶನಿವಾರ ಬೇಡ. ಅದು ನಮ್ಮ ವಿಶ್ರಾಂತಿಯ ದಿನ. ವಾದ್ಯ ಮುಟ್ಟಲ್ಲ." ಸರಿ, ನಾನು ಜಾಣತನದಿಂದ ಶುಕ್ರವಾರ ಸಂಜೆ ಏಳೂವರೆಗೆ ಬುಕ್ ಮಾಡಿದೆ. ಪಂಚಾಂಗ ನೋಡಿ ಬೆಳೆದವಳು ನಾನು. ನಮಗೆ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಶನಿವಾರ ಅಂದರೆ ಶನಿವಾರ ಬೆಳಗಿನಿಂದ ತಾನೆ? ಶುಕ್ರವಾರ ರಾತ್ರಿಯೂ ನಮಗೆ ಶುಕ್ರವಾರವೇ. ಇದರಲ್ಲಿ ಕೇಳುವುದೇನಿದೆ ಅಂತ ಯಾರನ್ನೂ ಕೇಳಲಿಲ್ಲ. ಲಿಫ್ಟಿನ ಪಕ್ಕ ಪೋಸ್ಟರನ್ನೂ ಅಂಟಿಸಿದೆ.

ಆಂಟಿ ಪೋಸ್ಟರನ್ನು ಎರಡು ಸಲ ಓದಿದರು. ಆಮೇಲೆ, "ನಮಗೆ ದಿನ ಶುರುವಾಗೋದೇ ಸೂರ್ಯ ಮುಳುಗಿದಾಗ. ಶುಕ್ರವಾರ ಏಳು ಗಂಟೆಗೆ ನನಗೆ ಶನಿವಾರ ಬಂದಿರತ್ತೆ," ಅಂದರು.

ಅಯ್ಯೋ ನನ್ನ ಬುದ್ಧಿಗಿಷ್ಟು! ದಿನ ಬದಲಾಯಿಸಲು ಓಡಾಡಿದೆ. ಶನಿವಾರ ಭಾನುವಾರ ಎರಡೂ ದಿನ ವಾಯ್ಡ್ ಡೆಕ್ಕಿನಲ್ಲಿ ಒಂದು ಮಲಯ್ ಮದುವೆ. ಹಿಂದಿನ ದಿನಗಳೂ ಖಾಲಿ ಇಲ್ಲ. ಸೋಮವಾರ ಆಂಟಿಯ ವಿಮಾನ. ಅವರನ್ನೇ ಬೇಡಿಕೊಳ್ಳಲು ಹೋದೆ, ಒಂದೇ ಒಂದು ದಿನ ಅಲ್ವಾ ಆಂಟಿ ಅಂತ ಶುರು ಮಾಡಿ ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡೆ. ಮಡಿಯಲ್ಲಿರುವ ನಮ್ಮಜ್ಜಿಗೆ ಯಾರಾದರೂ ಹಾಗೆ ಅಂದಿದ್ದರೆ ನಾನೇ ಬಯ್ಯುತ್ತಿದ್ದೆ.

ಆಂಟಿ ನನ್ನ ಕೈ ಹಿಡಿದುಕೊಂಡರು. "ಆರು ಗಂಟೆಗೆ ಬಾ. ಯಾರೂ ಇರಲ್ಲ. ನೀನೂ ನಾನೂ ಸಾಕು."

ಶುಕ್ರವಾರ ಆರಕ್ಕೆ ಇಬ್ಬರೂ ಪಿಯಾನೋ ತಳ್ಳಿಕೊಂಡು ಹೊರಗೆ ತಂದೆವು. ಗುಂಪಿನವರೆಲ್ಲ ಆಫೀಸಿನಲ್ಲಿದ್ದರು. ಸಾಲುಸಾಲು ಖಾಲಿ ಕುರ್ಚಿ. ಕಲ್ಲಿನ ಮೇಜಿನಲ್ಲಿ ಚೆಸ್ ಆಡುತ್ತಿದ್ದ ಮೂವರು ಚೀನೀ ಅಂಕಲ್‌ಗಳು, ಅಷ್ಟೇ ನಮ್ಮ ಸಭೆ. ಅವರ ಮೇಜಿನ ಮೇಲೆ ಮೊಬೈಲಿಟ್ಟು ರೆಕಾರ್ಡಿಂಗ್ ಒತ್ತಿದೆ. ಆಂಟಿ ವಾಚ್ ಬಿಚ್ಚಿ ಪಿಯಾನೋ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡರು. ಮನೆಗೆ ಹತ್ತು ನಿಮಿಷ ನಡೆಯಬೇಕು, ಸೂರ್ಯ ಮುಳುಗುವ ಮುಂಚೆ ಮೇಣದ ದೀಪ ಹಚ್ಚಿರಬೇಕು.

ನುಡಿಸಿದರು. ಅಮ್ಮನ ಎರಡು ಸಾಲು ಹಾಡಿದೆ. ಬಾಗಿಲಲ್ಲಿ ಅಪ್ಪ, ಅನ್ನುವಷ್ಟರಲ್ಲಿ ಹಾಡು ನಿಂತಿತು. ಮುಂದಕ್ಕೆ ಹೋಗಲೇ ಇಲ್ಲ. ಆಂಟಿ ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಒಂದು ಸುತ್ತು ಹಾಕಿ ಮತ್ತೆ ಮೊದಲಿಗೆ ಬಂದರು. ಎರಡನೆಯ ಸಲ ಹಾಡಿದೆ. ಅಪ್ಪ ಬಂದರು. ಎಲೆ ಹಾಸಿದೆವು. ಬಾಗ್ದಾದಿನ ತಾತನ ತಿರುವಿನಲ್ಲಿ ಹಾಡು ಇಳಿದು ಬಂದು ಕೂತಿತು.

ಚೆಸ್ ಅಂಕಲ್ ಒಬ್ಬರು ಚಪ್ಪಾಳೆ ತಟ್ಟಿದರು. ಆಂಟಿ ವಾಚ್ ಕಟ್ಟಿಕೊಂಡರು, ಪಿಯಾನೋ ಮುಚ್ಚಿದರು. ನನ್ನ ಕೆನ್ನೆ ತಟ್ಟಿ, "ಯಾರು ಬರೆದದ್ದು ಅಂತ ಯಾರಿಗೂ ಹೇಳೋದು ಬೇಡ ಲಾ. ಹಾಡು ಬಾಳಿಕೆ ಬರತ್ತೆ," ಅಂದು ನಕ್ಕರು. ಅವರು ಕಂಬಗಳ ನಡುವೆ ಬೇಗಬೇಗ ನಡೆದು ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಇನ್ನೂ ಬೆಳಕಿತ್ತು.

ಏಳೂವರೆಗೆ ಜನ ತುಂಬಿದರು. ಚರ್ಚಿನ ಆಂಟಿ ನುಡಿಸಿದರು, ನಾನು ದಪ್ಪ ದನಿಯವರ ಸಾಲಿನಲ್ಲಿ ನಿಂತು ಹಿಮದ ಹಾಡು ಹಾಡಿದೆ. ನನ್ನ ಹಾಡನ್ನು ಹಾಡಲಿಲ್ಲ. ಮನೆಗೆ ಬಂದು ರೆಕಾರ್ಡಿಂಗನ್ನು ಮಗಳಿಗೆ ವಾಟ್ಸಾಪ್ ಮಾಡಿದೆ. "ಅಜ್ಜಿಯ ಹಾಡು" ಅಂತ ಮಾತ್ರ ಬರೆದೆ. ಅವಳು, "ಫೈನಲಿ! ಚಿಕ್ಕಜ್ಜಿಗೆ ನೆನಪಾಯ್ತಾ?" ಅಂತ ಕೇಳಿ ನಾಲ್ಕು ಹೃದಯ ಕಳಿಸಿದಳು. ನಾನೂ ಒಂದು ಹೃದಯ ಕಳಿಸಿದೆ, ಅಷ್ಟೇ.

ಈ ವರ್ಷದ ದೀಪಾವಳಿ ಬೂನ್ ಲೇಯಲ್ಲಿ, ಮಗಳ ಮನೆಯಲ್ಲಿ. ಮೊಮ್ಮಗಳಿಗೆ ಎಂಟು ತಿಂಗಳು. ಮಗಳು ತಾನೇ ಎಣ್ಣೆ ಒತ್ತುತ್ತೇನೆ ಅಂತ ಹಟ ಹಿಡಿದಳು. ಬಾತ್‌ರೂಮಿನಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹಾಡಲು ಶುರು ಮಾಡಿದಳು. ನಾನು ಬಿಸಿನೀರಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾಲ್ಕೂ ಸಾಲು ಹಾಡಿದಳು. ಕೊನೆಯ ತಿರುವನ್ನೂ ಸ್ವಲ್ಪವೂ ತಪ್ಪದೆ ಇಳಿಸಿದಳು.

"ಅಮ್ಮ, ತಾತ ಪ್ರತಿ ವರ್ಷ ಹಬ್ಬದ ಊಟಕ್ಕೆ ಕರೆಕ್ಟಾಗಿ ಬರ್ತಿದ್ರಾ?" ಅಂತ ಕೇಳಿದಳು. ಅವಳು ಹುಟ್ಟುವ ಮೊದಲೇ ಅಪ್ಪ ಹೋಗಿದ್ದರು. "ಅಜ್ಜಿ ಹಾಡಿನಲ್ಲೇ ಹಾಕಿದಾರಲ್ಲ. ಸೋ ಸ್ವೀಟ್ ಲಾ. ನಮ್ಮನೇಲಿ ನೋಡು, ಇವರು ಇವತ್ತೂ ಕಾಲ್‌ನಲ್ಲೇ ಇದಾರೆ."

ಪಕ್ಕದ ರೂಮಿನಿಂದ ಅಳಿಯನ ಮೀಟಿಂಗಿನ ಮಾತು ಕೇಳುತ್ತಿತ್ತು. ತೊಳೆದಿಟ್ಟ ಎಲೆ ನೆನಪಾಯಿತು. ಹೇಳಿಬಿಡಲಾ ಅನ್ನಿಸಿತು, ಬಾಯಿಯವರೆಗೂ ಬಂತು.

"ಹೂಂ ಕಣೇ, ಬರ್ತಿದ್ರು," ಅಂದೆ. "ಒಂದು ವರ್ಷಾನೂ ತಪ್ಪಿಸ್ತಿರ್ಲಿಲ್ಲ."

ನೀರು ಆರುತ್ತಿತ್ತು. ಚೊಂಬು ಅವಳ ಕೈಗೆ ಕೊಟ್ಟು, ಅಳಿಯನನ್ನು ಕರೆಯಲು ಹೋದೆ.